ಬಿಳಿ ಕಹಳೆ ಹೂವಿನ ಗಿಡ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೆ ಒಂದಾದರೂ ಫೋಟೋ ನನ್ನ ವಾಟ್ಸಾಪ್‌ಗೆ ಬರುತ್ತದೆ. ಬಿಳಿ ಹೂವು, ಕಹಳೆಯ ಹಾಗೆ ಬಾಯಿ ಬಿಟ್ಟುಕೊಂಡಿರುತ್ತದೆ. ಕೆಳಗೆ ಒಂದು ಸಾಲು: "ಇದೇನು ಗಿಡ, ಸ್ವಲ್ಪ ಹೇಳ್ತೀರಾ?" ಬಾಡಿಗೆಗೆ ಬಂದ ಮನೆಯ ಹಿತ್ತಲಲ್ಲಿ ಇತ್ತು ಅಂತ ಕೆಲವರು. ಕಾಂಪೌಂಡ್ ಪಕ್ಕ ತಾನಾಗಿ ಹುಟ್ಟಿತು ಅಂತ ಕೆಲವರು. ಮಡಿಕೇರಿಗೆ ಹೋದಾಗ ಯಾರೋ ಒಂದು ಕಡ್ಡಿ ಮುರಿದು ಕೊಟ್ಟರು ಅಂತ ಇನ್ನು ಕೆಲವರು. ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಬೆಳೆಸಿದ್ದೇನೆ, ಒಂದೆರಡರ ಕೈಲಿ ಪಾಠವನ್ನೂ ಕಲಿತಿದ್ದೇನೆ. ಒಬ್ಬೊಬ್ಬರಿಗೆ ಟೈಪ್ ಮಾಡಿ ಸಾಕಾಗಿ ಎಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಹೂವಿನ ಫೋಟೋ ಒಂದೇ ಸಾಕಲ್ವಾ?

ಸಾಲದು. ಬಿಳಿ ಬಣ್ಣ, ಉದ್ದ ಕೊಳವೆ, ಅಗಲ ಬಾಯಿ, ಸಂಜೆ ಮೇಲೆ ಘಮ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಕುಟುಂಬದ ಗಿಡಗಳಲ್ಲಿ ಇದೇ ಹೂವು ಕಾಣುತ್ತದೆ. ಬದನೆಕಾಯಿ ಕುಟುಂಬದಲ್ಲಿದೆ, ಗೆಣಸಿನ ಕುಟುಂಬದಲ್ಲಿದೆ, ಕಣಗಿಲೆ ಕುಟುಂಬದಲ್ಲಿದೆ, ಲಿಲ್ಲಿಗಳಲ್ಲೂ ಇದೆ.

ಕಾರಣ ರಾತ್ರಿ ಹಾರುವ ಪತಂಗಗಳು. ಕತ್ತಲಲ್ಲಿ ಕಡು ಬಣ್ಣಗಳಿಗಿಂತ ಬಿಳಿ ಎದ್ದು ಕಾಣುತ್ತದೆ. ದೂರದಿಂದ ಕರೆಯುವುದಕ್ಕೆ ವಾಸನೆ ಬೇಕು. ಮಕರಂದ ಕೊಳವೆಯ ತಳದಲ್ಲಿರುವುದರಿಂದ ಉದ್ದ ನಾಲಗೆಯವರಿಗೆ ಮಾತ್ರ ಎಟುಕುತ್ತದೆ. ನಮ್ಮ ಕಡೆ ಸಂಜೆ ಏಳರ ಮೇಲೆ ಹೂವಿನ ಮುಂದೆ ಹೆಲಿಕಾಪ್ಟರ್ ಥರ ನಿಂತಲ್ಲೇ ರೆಕ್ಕೆ ಬಡಿಯುವ ದಪ್ಪ ಪತಂಗ ನೋಡಿದ್ದೀರಾ? ಅದರಲ್ಲಿ ಒಂದು ಜಾತಿಯ ನಾಲಗೆ ಅದರ ಮೈಗಿಂತ ಉದ್ದ. ಸುರುಳಿ ಸುತ್ತಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಹೂವಿನ ಆಕಾರ ನೋಡಿದರೆ ಆ ಮನೆಗೆ ಬರುವ ನೆಂಟರು ಯಾರು ಅಂತ ಗೊತ್ತಾಗುತ್ತದೆ, ಮನೆತನ ಯಾವುದು ಅಂತ ಗೊತ್ತಾಗುವುದಿಲ್ಲ.

ಹಾಗಾದರೆ ಮೊದಲು ಏನು ನೋಡಬೇಕು?

ನಾನು ನೋಡುವ ಕ್ರಮ ಇದು. ಮೊದಲು ಹೂವಿನ ಬಾಯಿ ಯಾವ ಕಡೆಗಿದೆ ಅಂತ. ಆಕಾಶಕ್ಕಾ, ನೆಲಕ್ಕಾ, ನಿಮ್ಮ ಮುಖಕ್ಕಾ? ಆಮೇಲೆ ಗಿಡದ ಮೈಕಟ್ಟು: ಬಳ್ಳಿಯೋ, ಪೊದೆಯೋ, ಗೆಡ್ಡೆಯಿಂದ ಎದ್ದಿದ್ದೋ, ಮರವೋ. ಆಮೇಲೆ ಒಂದು ಎಲೆ ಚಿವುಟಿ, ಹಾಲು ಬರುತ್ತದಾ ಅಂತ. ಹಾಲು ಬಂದರೆ ದತ್ತೂರಿಯ ಬಳಗ ಅಲ್ಲವೇ ಅಲ್ಲ. ಎಲೆಯ ನರಗಳು ಜೋಳದ ಗರಿಯಂತೆ ಉದ್ದುದ್ದ ಓಡಿದ್ದರೆ ಲಿಲ್ಲಿಯ ಕಡೆಯದು. ಬಲೆಯಂತೆ ಹರಡಿದ್ದರೆ ಬೇರೆ. ಎಲೆಗಳು ಎದುರುಬದುರು ಜೋಡಿಯಾಗಿವೆಯಾ, ಒಂದು ಇತ್ತ ಒಂದು ಅತ್ತ ಬಂದಿವೆಯಾ ಅನ್ನುವುದು ಮುಂದಿನ ಪ್ರಶ್ನೆ. ಕೊನೆಗೆ, ಹೂ ಅರಳುವ ಹೊತ್ತು.

ಇಷ್ಟು ಗೊತ್ತಾದರೆ ಹತ್ತರಲ್ಲಿ ಎಂಟು ಗಿಡ ಫೋಟೋ ಇಲ್ಲದೆ ಫೋನಿನಲ್ಲೇ ಹೇಳಬಹುದು. ಗೊತ್ತಾಗುವ ತನಕ ಆ ಗಿಡದ ಯಾವ ಭಾಗವೂ ಬಾಯಿಗೆ ಹೋಗಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾರೂ ನೆಟ್ಟಿಲ್ಲ, ತಾನಾಗಿ ಹುಟ್ಟಿದೆ. ಹೂ ಮೇಲಕ್ಕೆ ನಿಂತಿದೆ. ಏನಿರಬಹುದು?

ಬಹುಪಾಲು ದತ್ತೂರಿ. ಉಮ್ಮತ್ತಿ ಅಂತಲೂ ಅನ್ನುತ್ತಾರೆ, ಉತ್ತರ ಕರ್ನಾಟಕದ ಕಡೆ ಮದಗುಣಕಿ. ತಿಪ್ಪೆ, ಹಳೇ ಗೋಡೆ, ಖಾಲಿ ಸೈಟು, ರೈಲು ಹಳಿಯ ಬದಿ ಇದರ ತವರು. ಸೊಂಟದೆತ್ತರ ಬೆಳೆಯುವ ಮೆತ್ತನೆ ಗಿಡ. ಕೊಂಬೆಗಳು ಎರಡೆರಡಾಗಿ ಕವಲೊಡೆಯುತ್ತಾ ಹೋಗುತ್ತವೆ, ಆ ಕವಲಿನ ಸಂದಿಯಲ್ಲೇ ಹೂ ಏಳುತ್ತದೆ.

ಎಲೆಯನ್ನು ಕಿತ್ತು ತೊಟ್ಟು ಸೇರುವ ಜಾಗ ನೋಡಿ. ಎರಡು ಮಗ್ಗುಲು ಒಂದೇ ಸಮ ಇರುವುದಿಲ್ಲ, ಒಂದು ಕಡೆ ಸ್ವಲ್ಪ ಕೆಳಗೆ ಇಳಿದಿರುತ್ತದೆ. ಕೈಯಲ್ಲಿ ಉಜ್ಜಿದರೆ ಒಂಥರಾ ಹಳಸಲು ವಾಸನೆ. ಹೂವಿನ ವಾಸನೆ ಬೇರೆ, ಅದು ರಾತ್ರಿ ಸಿಹಿಯಾಗಿಯೇ ಇರುತ್ತದೆ.

ಇದು ದತ್ತೂರಿಯೇ ಅಂತ ಗಟ್ಟಿಯಾಗಿ ಹೇಳುವುದು ಕಾಯಿ. ನಿಂಬೆಹಣ್ಣಿನಷ್ಟು ದಪ್ಪದ ಉಂಡೆ, ಮೈಯೆಲ್ಲ ಮುಳ್ಳು ಅಥವಾ ಗಂಟುಗಂಟು. ಕಾಯಿಯ ಬುಡದಲ್ಲಿ ಒಂದು ಪುಟ್ಟ ಲಂಗದ ಅಂಚಿನಂಥ ಪಟ್ಟಿ ಕಾಣುತ್ತದೆ. ಹೂ ಉದುರಿದಾಗ ಅದರ ಹಸಿರು ಕವಚ ಅಡ್ಡಲಾಗಿ ಕತ್ತರಿಸಿದಂತೆ ಬಿದ್ದು, ಬುಡ ಮಾತ್ರ ಉಳಿದುಕೊಂಡಿದ್ದು ಅದು. ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ.

ದತ್ತೂರಿಯಲ್ಲೇ ಬೇರೆ ಬೇರೆ ಜಾತಿಗಳಿವೆ. ಎಲೆ ನುಣುಪು, ಕಾಯಿಯ ಮೇಲೆ ಮೊಂಡು ಗಂಟುಗಳು ಇದ್ದರೆ ದತೂರ ಮೆಟೆಲ್. ಎಲೆ ಮುಟ್ಟಿದರೆ ಮಖಮಲ್ಲಿನಂತೆ, ಬೂದು ಛಾಯೆ, ಕಾಯಿ ತಲೆ ತಗ್ಗಿಸಿ ಸಣ್ಣ ಚೂಪು ಮುಳ್ಳಿದ್ದರೆ ದತೂರ ಇನೊಕ್ಸಿಯಾ. ಎಲೆ ಅಂಚು ಗರಗಸದಂತೆ, ಹೂ ಚಿಕ್ಕದು, ಕಾಯಿ ನೆಟ್ಟಗೆ ನಿಂತು ನಾಲ್ಕು ಭಾಗವಾಗಿ ಬಿರಿಯುವುದಾದರೆ ದತೂರ ಸ್ಟ್ರಮೋನಿಯಂ. ಮನೆಯವರಿಗೆ ಈ ವ್ಯತ್ಯಾಸದಿಂದ ಆಗಬೇಕಾದ್ದೇನಿಲ್ಲ, ಮೂರೂ ವಿಷವೇ. ಅಂದಹಾಗೆ, 'ದತೂರ' ಅನ್ನುವ ವೈಜ್ಞಾನಿಕ ಹೆಸರು ನಮ್ಮ 'ಧತ್ತೂರ'ದಿಂದಲೇ ಹೋಗಿದ್ದು.

ನಮ್ಮ ಗಿಡದ ಹೂ ಕೆಳಕ್ಕೆ ಜೋತು ಬಿದ್ದಿದೆ. ಇದೂ ದತ್ತೂರಿನಾ?

ದತ್ತೂರಿಯ ದಾಯಾದಿ. ಹೆಸರು ಬ್ರಗ್‌ಮ್ಯಾನ್ಸಿಯಾ, ನರ್ಸರಿಗಳಲ್ಲಿ ಏಂಜೆಲ್ಸ್ ಟ್ರಂಪೆಟ್. ಊಟಿ ರಸ್ತೆಯ ತಿರುವುಗಳಲ್ಲಿ ಮರದ ತುಂಬ ಬಿಳಿ ಗಂಟೆ ನೇತುಹಾಕಿದಂತೆ ಕಾಣುವುದು ಇದೇ. ಮಡಿಕೇರಿ, ಚಿಕ್ಕಮಗಳೂರಿನ ತಂಪಿಗೆ ಚೆನ್ನಾಗಿ ಬರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಮಧ್ಯಾಹ್ನದ ಬಿಸಿಲು ತಪ್ಪಿಸಿ ಕೈತುಂಬ ನೀರು ಕೊಟ್ಟರೆ ಬದುಕುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ಸಾಕುವುದು ಕಷ್ಟದ ಕೆಲಸ.

ವ್ಯತ್ಯಾಸ ಸುಲಭ. ದತ್ತೂರಿಯ ಹೂ ಮೇಲೆ ನೋಡುತ್ತದೆ, ಇದರದ್ದು ಕೆಳಗೆ. ದತ್ತೂರಿ ಮೆತ್ತನೆ ಗಿಡ, ಇದಕ್ಕೆ ಮರದಂಥ ಕಾಂಡ, ಆಳೆತ್ತರ ಮೀರಿ ಬೆಳೆಯುತ್ತದೆ. ದತ್ತೂರಿ ಹೂ ಒಂದು ಗೇಣು ದಾಟುವುದು ಅಪರೂಪ. ಇದರ ಹೂ ಒಂದಡಿ ಉದ್ದ ಬರುವುದೂ ಉಂಟು. ಇದರ ಕಾಯಿಗೆ ಮುಳ್ಳಿಲ್ಲ. ಆದರೆ ನಮ್ಮ ತೋಟಗಳಲ್ಲಿ ಕಾಯಿ ಕಟ್ಟುವುದೇ ಕಡಿಮೆ, ಎಲ್ಲ ಕಡ್ಡಿಯಿಂದಲೇ ಹಬ್ಬಿದ್ದು.

ಒಂದು ಕಾಲಕ್ಕೆ ಇದನ್ನೂ ದತೂರ ಅಂತಲೇ ಕರೆಯುತ್ತಿದ್ದರು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಹಾಗೇ ಹೆಸರಿಟ್ಟ. 1805ರಲ್ಲಿ ಪರ್ಸೂನ್ ಎಂಬ ಸಸ್ಯವಿಜ್ಞಾನಿ ಬೇರೆ ಮಾಡಿ, ಬ್ರಗ್‌ಮನ್ಸ್ ಎಂಬ ಡಚ್ ಪ್ರೊಫೆಸರರ ಹೆಸರಿಟ್ಟ. ಇದರ ತವರು ದಕ್ಷಿಣ ಅಮೆರಿಕ. ಆಶ್ಚರ್ಯದ ಸಂಗತಿ ಏನು ಗೊತ್ತಾ? ಇದರ ಎಲ್ಲ ಜಾತಿಗಳೂ ಕಾಡಿನಲ್ಲಿ ಅಳಿದುಹೋಗಿವೆ ಅಂತ ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಹೇಳುತ್ತದೆ. ಜನ ನೆಟ್ಟು ಉಳಿಸಿದ ಗಿಡಗಳೇ ಈಗ ಇರುವುದು. ಊಟಿಯಲ್ಲಿ ಕಳೆಯಂತೆ ಬೆಳೆಯುವ ಗಿಡಕ್ಕೆ ತವರುಮನೆಯೇ ಇಲ್ಲ.

ನರ್ಸರಿಯವರು 'ವೈಟ್ ಲಿಲ್ಲಿ' ಅಂತ ಕೊಟ್ಟರು. ನಂಬಬಹುದಾ?

ನನಗೂ ಹೀಗೇ ಆಯಿತು. ಒಂದು ನರ್ಸರಿಯಲ್ಲಿ ಹೂವಿಲ್ಲದ, ಕಪ್ಪು ಕವರಿನ ಗಿಡಕ್ಕೆ "ವೈಟ್ ಲಿಲ್ಲಿ ಮೇಡಂ, ಒಳ್ಳೆ ಸ್ಮೆಲ್ಲು" ಅಂದರು. ಎಲೆ ನೋಡಿದಾಗಲೇ ಅನುಮಾನ ಬರಬೇಕಿತ್ತು, ಬದನೆ ಎಲೆಯ ಹಾಗೆ ನರ ಹರಡಿತ್ತು. ಲಿಲ್ಲಿಗೆ ಎಲ್ಲಿಂದ ಬರಬೇಕು ಅಂಥ ಎಲೆ? ಆದರೂ ದುಡ್ಡು ಕೊಟ್ಟು ತಂದೆ. ಒಂದೂವರೆ ವರ್ಷದ ಮೇಲೆ ಬ್ರಗ್‌ಮ್ಯಾನ್ಸಿಯಾ ಹೂ ಜೋತಾಡಿತು. ಅವರು ಬೇಕಂತ ಮಾಡಿದ್ದಲ್ಲ, ಅವರಿಗೂ ಯಾರೋ ಹಾಗೆ ಹೇಳಿ ಕೊಟ್ಟಿದ್ದು. ನಮ್ಮಲ್ಲಿ ಬಿಳಿಯಾಗಿ, ಉದ್ದಕ್ಕೆ ಇದ್ದು ಘಮ ಅಂದರೆ ಎಲ್ಲವೂ ಲಿಲ್ಲಿಯೇ.

ನಿನ್ನೆ ಬಿಳಿ ಇತ್ತು, ಇವತ್ತು ನಸುಗೆಂಪು. ಗಿಡಕ್ಕೇನಾದರೂ ರೋಗವಾ?

ರೋಗ ಅಲ್ಲ. ಬ್ರಗ್‌ಮ್ಯಾನ್ಸಿಯಾದ ಕೆಲವು ಬಗೆಗಳು ಬಿಳಿಯಾಗಿ ಅರಳಿ ಒಂದೆರಡು ದಿನದಲ್ಲಿ ಗುಲಾಬಿಗೋ ಪೀಚ್ ಬಣ್ಣಕ್ಕೋ ತಿರುಗುತ್ತವೆ. ಒಂದೇ ಗಿಡದಲ್ಲಿ ಎರಡೂ ಬಣ್ಣ ಕಾಣುತ್ತದೆ.

ನಮ್ಮದು ಬಳ್ಳಿ. ಹಗಲು ಮುಚ್ಚಿಕೊಂಡಿರುತ್ತೆ, ಸಂಜೆ ಅರಳುತ್ತೆ.

ಮೂನ್‌ಫ್ಲವರ್. ಐಪೋಮಿಯಾ ಆಲ್ಬಾ ಅಂತ ಇದರ ಹೆಸರು, ಗೆಣಸಿನ ಕುಟುಂಬ. ಎಲೆ ಹೃದಯದ ಆಕಾರ, ಕಾಂಡದ ಮೇಲೆ ಮೆತ್ತನೆ ಮುಳ್ಳಿನಂಥ ಮೊಡವೆ, ಚಿವುಟಿದರೆ ಹಾಲು. ಹೂ ಅಂಗೈಯಷ್ಟು ಅಗಲ, ಮೈಮೇಲೆ ನಕ್ಷತ್ರದಂತೆ ತಿಳಿ ಹಸಿರು ಗೆರೆ.

ಈ ಬಳ್ಳಿ ನಿಮ್ಮಲ್ಲಿದ್ದರೆ ಒಂದು ಸಂಜೆ ಕುರ್ಚಿ ಹಾಕಿಕೊಂಡು ಕೂರಿ. ಮೊಗ್ಗು ಮಡಿಸಿದ ಕೊಡೆಯ ಥರ ತಿರುಚಿಕೊಂಡಿರುತ್ತದೆ. ಬೆಳಕು ಇಳಿಯುತ್ತಿದ್ದಂತೆ ಮೊದಲು ತುದಿ ಸಡಿಲವಾಗುತ್ತದೆ. ಆಮೇಲೆ ಒಂದು ಮಡಿಕೆ ನಡುಗಿದಂತೆ ಆಗುತ್ತದೆ. ಗಾಳಿ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಮಡಿಕೆಗಳೆಲ್ಲ ಬಿಚ್ಚಿಕೊಂಡು ತಟ್ಟೆಯಂತೆ ಹರಡಿರುತ್ತವೆ. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮುಗಿದಿರುತ್ತದೆ. ನಮ್ಮ ಅತ್ತೆಯವರು ಒಂದು ವಾರ ಸಂಜೆ ಧಾರಾವಾಹಿ ಬಿಟ್ಟು ಇದನ್ನೇ ನೋಡಿದರು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ? ಬೆಳಗ್ಗೆ ಬಿಸಿಲು ಏರುವಷ್ಟರಲ್ಲಿ ಒದ್ದೆ ಟಿಷ್ಯೂ ಪೇಪರಿನಂತೆ ಮುದುಡಿರುತ್ತದೆ. ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ ಹೂ ಜಾಸ್ತಿ.

ಮೂಲ ಅಮೆರಿಕ ಖಂಡದ ಬಿಸಿ ಪ್ರದೇಶ. ಮೆಕ್ಸಿಕೋ ಕಡೆಯ ಹಳೇ ಜನ ಈ ಬಳ್ಳಿಯ ರಸವನ್ನು ಅಲ್ಲಿನ ರಬ್ಬರ್ ಮರದ ಹಾಲಿಗೆ ಬೆರೆಸಿ ಪುಟಿಯುವ ಚೆಂಡು ಮಾಡುತ್ತಿದ್ದರಂತೆ. ಬೀಜದ ಸಿಪ್ಪೆ ಗಟ್ಟಿ. ಒಂದು ರಾತ್ರಿ ನೆನೆಹಾಕಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಇದರ ಬೀಜವೂ ತಿನ್ನುವುದಲ್ಲ.

ಬಳ್ಳಿಯೇ, ಆದರೆ ಹಗಲೂ ಅರಳಿಯೇ ಇರುತ್ತದೆ.

ಎಲೆಗಳು ಎದುರುಬದುರು ಇವೆಯಾ ನೋಡಿ. ಇದ್ದರೆ ಮೂರು ಸಾಧ್ಯತೆ.

ಬಳ್ಳಿ ದೈತ್ಯವಾಗಿ, ಕಾಂಡ ಮರದಂತೆ ಬಲಿತು, ಚಪ್ಪರವನ್ನೇ ಬಗ್ಗಿಸುವಂತಿದ್ದು, ಚಳಿಗಾಲ ಕಳೆಯುತ್ತಿದ್ದಂತೆ ದೊಡ್ಡ ದೊಡ್ಡ ಬಿಳಿ ಹೂ ಗೊಂಚಲು ಬಂದರೆ ಅದು ಬೋಮಾಂಷಿಯಾ. ಹಿಮಾಲಯದ ತಪ್ಪಲಿನದು. ಮುರಿದರೆ ಹಾಲು, ಮೈಗೆ ತಾಗಿದರೆ ತುರಿಕೆ. ಕುಂಡದಲ್ಲಿ ತೆಳ್ಳಗೆ ಹಬ್ಬುವ, ಹೊಳಪಿನ ಎಲೆಯ, ಹಾಲು ಬರುವ ಚಿಕ್ಕ ಬಳ್ಳಿಯಾದರೆ ಮ್ಯಾಂಡೆವಿಲ್ಲಾ. ನರ್ಸರಿಯವರು ಡಿಪ್ಲಾಡೇನಿಯಾ ಅನ್ನುತ್ತಾರೆ. ಹಾಲು ಬರದೆ, ಮೊಗ್ಗಿನ ಬುಡವನ್ನು ಎರಡು ಹಸಿರು ಎಸಳು ಚಿಪ್ಪಿನಂತೆ ಹಿಡಿದುಕೊಂಡಿದ್ದು, ಹೂವಿನ ಗಂಟಲು ಹಳದಿ ಛಾಯೆ ಇದ್ದರೆ ಥನ್ಬರ್ಜಿಯಾದ ಬಿಳಿ ಬಗೆ. ನೀಲಿಯದನ್ನು ಎಲ್ಲರೂ ನೋಡಿರುತ್ತೀರಿ, ಗೇಟಿನ ಕಮಾನಿಗೆ ಹಬ್ಬಿಸುತ್ತಾರಲ್ಲ, ಅದರ ತಂಗಿ.

ನೆಲದಿಂದ ನೇರ ಎದ್ದಿದೆ, ಒಳಗೆ ಗೆಡ್ಡೆ ಇದೆ.

ಎಸಳು ಎಣಿಸಿ. ಆರಿದ್ದರೆ ಲಿಲ್ಲಿ ಅಥವಾ ಅದರ ಅಕ್ಕಪಕ್ಕದವರು. ನೆಟ್ಟಗಿನ ದಂಟಿನ ಉದ್ದಕ್ಕೂ ಎಲೆ ಇದ್ದು, ಹೂ ನಿಮ್ಮ ಮುಖಕ್ಕೆ ನೋಡುತ್ತಿದ್ದರೆ ನಿಜವಾದ ಲಿಲ್ಲಿ. ಹೂಗುಚ್ಛಗಳಲ್ಲಿ ಬರುವ ಬಿಳಿ ಈಸ್ಟರ್ ಲಿಲ್ಲಿಯ ಮೂಲ ಜಪಾನಿನ ದಕ್ಷಿಣದ ದ್ವೀಪಗಳು ಮತ್ತು ತೈವಾನ್. ನಮ್ಮ ದಕ್ಷಿಣದಲ್ಲೂ ಒಂದು ಸ್ವಂತ ಬಿಳಿ ಲಿಲ್ಲಿ ಇದೆ. ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲಲ್ಲಿ ಬೆಳೆಯುತ್ತದೆ. ಕಂಡರೆ ದಯವಿಟ್ಟು ಗೆಡ್ಡೆ ಕೀಳಬೇಡಿ, ಮೈಸೂರಿನ ಕುಂಡಕ್ಕೆ ಅದು ಒಗ್ಗುವುದೂ ಇಲ್ಲ.

ಎಲೆಗಳೆಲ್ಲ ಬುಡದಲ್ಲೇ ಇದ್ದು ಬರೀ ದಂಟಿನ ತುದಿಯಲ್ಲಿ ಹೂ ಇದ್ದರೆ ಕ್ರೈನಮ್ ಅಥವಾ ಸ್ಪೈಡರ್ ಲಿಲ್ಲಿ. ಎರಡನೆಯದಕ್ಕೆ ನಡುವೆ ತೆಳ್ಳನೆ ಪೊರೆಯ ಬಟ್ಟಲು, ಸುತ್ತ ಜೇಡರ ಕಾಲಿನಂಥ ಎಸಳು. ಮಳೆ ಬಂದ ಎರಡು ಮೂರು ದಿನಕ್ಕೆ ಏಕಾಏಕಿ ಎದ್ದು ನಿಲ್ಲುವ ಗೇಣುದ್ದದ ಬಿಳಿ ಹೂ ರೇನ್ ಲಿಲ್ಲಿ. ಅದರ ಎಲೆ ಈರುಳ್ಳಿ ಸೊಪ್ಪಿನ ಹಾಗೆ ಕಾಣುತ್ತದೆ, ಅಡುಗೆಗೆ ಕೊಯ್ದುಕೊಂಡು ಬಂದೀರಿ ಜೋಕೆ.

ಮನೆಯಲ್ಲಿ ಬೆಕ್ಕು ಇದ್ದರೆ ನಿಜವಾದ ಲಿಲ್ಲಿ ಬೇಡ. ಎಲೆ ಕಡಿದರೂ ಸರಿ, ಮೈಮೇಲೆ ಬಿದ್ದ ಪರಾಗ ನೆಕ್ಕಿದರೂ ಸರಿ, ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ನಮ್ಮದು ತುಂಬ ಪುಟ್ಟ ಕಹಳೆ.

ಸಂಜೆ ನಾಲ್ಕರ ಮೇಲೆ ಅರಳಿ, ಬುಡದಲ್ಲಿ ಕಾಳುಮೆಣಸಿನಂಥ ಕಪ್ಪು ಬೀಜ ಬಿಟ್ಟರೆ ಸಂಜೆ ಮಲ್ಲಿಗೆ. ಎಲೆ ಅಂಟಂಟಾಗಿದ್ದು ಚಳಿಗಾಲದಲ್ಲಿ ಕುಂಡದ ತುಂಬ ಹೂ ಬಂದರೆ ಪೆಟುನಿಯಾ. ಗಿಡವೇ ಕಾಣದೆ ಬೆಳಗ್ಗೆ ಅಂಗಳದಲ್ಲಿ ಉದ್ದ ಕೊಳವೆಯ ಬಿಳಿ ಹೂ ಚೆಲ್ಲಿದ್ದರೆ ತಲೆ ಎತ್ತಿ ನೋಡಿ, ಮೇಲೆ ಆಕಾಶಮಲ್ಲಿಗೆ ಮರ ಇರುತ್ತದೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೇಕಾದಷ್ಟಿವೆ.

ಮೊಬೈಲ್ ಆಪ್ ಹೇಳಿದ್ದು ನಂಬಬಹುದಾ?

ಸುಳಿವು ಅಂತ ನಂಬಿ, ತೀರ್ಪು ಅಂತ ಬೇಡ. ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಮೂರನ್ನೂ ನಾನು ಬಳಸುತ್ತೇನೆ. ಹೂವಿನ ಮುಖ ಮಾತ್ರ ತೋರಿಸಿದರೆ ಒಂದು ಸಲ ದತೂರ ಅನ್ನುತ್ತದೆ, ಕೋನ ಬದಲಿಸಿದರೆ ಮೂನ್‌ಫ್ಲವರ್ ಅನ್ನುತ್ತದೆ. ಕಾಯಿ, ಎಲೆ ಸೇರಿಸಿ ತೋರಿಸಿದರೆ ಬಹಳ ಮಟ್ಟಿಗೆ ಸರಿ ಹೇಳುತ್ತವೆ. ಆಪ್ ಹೆಸರು ಕೊಟ್ಟ ಮೇಲೆ ಆ ಹೆಸರಿನ ಗಿಡಕ್ಕೆ ಏನೇನು ಲಕ್ಷಣ ಇರಬೇಕು ಅಂತ ಹುಡುಕಿ, ನಿಮ್ಮ ಗಿಡದ ಮುಂದೆ ನಿಂತು ಒಂದೊಂದೇ ಹೊಂದಿಸಿ ನೋಡಿ. ಒಂದು ಹೊಂದದಿದ್ದರೂ ಮತ್ತೆ ಶುರು ಮಾಡಿ. ತಿನ್ನುವುದಕ್ಕೆ, ಔಷಧಿಗೆ ಅಂತಾದರೆ ಆಪ್ ಮಾತು ಕೇಳಲೇಬೇಡಿ.

ಗುರುತಿಸಲು ಫೋಟೋ ಹೇಗೆ ತೆಗೆಯಬೇಕು?

ಐದು ಸಾಕು. ಇಡೀ ಗಿಡ ದೂರದಿಂದ ಒಂದು. ಹೂ ಪಕ್ಕದಿಂದ ಒಂದು, ಕೊಳವೆ ಮತ್ತು ಬುಡದ ಹಸಿರು ಕವಚ ಕಾಣಬೇಕು. ಹೂವಿನ ಬಾಯೊಳಗೆ ಒಂದು. ಎಲೆ ಕಾಂಡಕ್ಕೆ ಸೇರುವ ಜಾಗ ಒಂದು. ಕಾಯಿ ಇದ್ದರೆ ಅದು. ಪಕ್ಕದಲ್ಲಿ ಒಂದು ಪೆನ್ನೋ ಐದು ರೂಪಾಯಿ ನಾಣ್ಯವೋ ಇಡಿ, ಅಳತೆ ಗೊತ್ತಾಗುತ್ತದೆ. ಬೆಳ್ಳನೆಯ ಹೂವನ್ನು ನಡು ಮಧ್ಯಾಹ್ನ ತೆಗೆದರೆ ಬರೀ ಬಿಳಿ ಚುಕ್ಕೆ ಬರುತ್ತದೆ. ಬೆಳಗ್ಗೆ ಏಳಕ್ಕೆ ಅಥವಾ ಮೋಡವಿದ್ದಾಗ ತೆಗೆಯಿರಿ. ಊರು, ತಿಂಗಳು, ಅರಳುವ ಹೊತ್ತು ಮೂರನ್ನೂ ಬರೆದು ಕಳಿಸಿ. ಫಿಲ್ಟರ್ ಹಾಕಿ "ಗುಡ್ ಮಾರ್ನಿಂಗ್" ಬರೆದು ಕಳಿಸಬೇಡಿ, ಹಾಗೂ ಬಂದಿವೆ.

ಸುಮ್ನೆ ಮುಟ್ಟಿದರೂ ತೊಂದರೆಯಾ?

ದತ್ತೂರಿ ಬಳಗದ್ದನ್ನು ಸುಮ್ಮನೆ ಮುಟ್ಟಿದರೆ ಏನೂ ಆಗುವುದಿಲ್ಲ. ಮುಟ್ಟಿದ ಕೈ ಎಲ್ಲಿಗೆ ಹೋಯಿತು ಅನ್ನುವುದರ ಮೇಲಿದೆ.

ಒಂದು ಭಾನುವಾರ ನಾನು ಬ್ರಗ್‌ಮ್ಯಾನ್ಸಿಯಾದ ಕೊಂಬೆ ಸವರಿದೆ. ಗ್ಲೌಸ್ ಹಾಕಿರಲಿಲ್ಲ. ಬೆವರು ಬಂತು, ಮೊಣಕೈ ಎತ್ತಿ ಒರೆಸುವ ಬದಲು ಬೆರಳಲ್ಲೇ ಬಲಗಣ್ಣು ಉಜ್ಜಿದೆ. ಸಂಜೆ ಪೇಪರ್ ಓದಲು ಕೂತರೆ ಅಕ್ಷರ ಮಂಜು ಮಂಜು. ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುತ್ತಿತ್ತು. ಕನ್ನಡಿ ನೋಡಿಕೊಂಡೆ. ಎಡಗಣ್ಣಿನ ಪಾಪೆ ಸಾಸಿವೆಯಷ್ಟು, ಬಲಗಣ್ಣಿನದು ಕಡಲೆಕಾಳಿನಷ್ಟು! ಪಾರ್ಶ್ವವಾಯು ಇರಬೇಕು ಅಂತ ಮನೆಯವರು ಗಾಬರಿಯಾಗಿ ಕಾರು ತೆಗೆದರು. ಆಸ್ಪತ್ರೆಯಲ್ಲಿ ಒಬ್ಬರು ತಲೆ ಸ್ಕ್ಯಾನ್ ಮಾಡಿಸೋಣ ಅಂದರು. ಆಮೇಲೆ ಬಂದ ಕಣ್ಣಿನ ಡಾಕ್ಟರು ನನ್ನ ಉಗುರು ನೋಡಿದರು. ಹಸಿರು ಹಿಡಿದಿತ್ತು. "ತೋಟದಲ್ಲಿ ಏನಮ್ಮ ಕತ್ತರಿಸಿದಿರಿ?" ಅಂದರು. ಅಷ್ಟೇ. ಎರಡು ಮೂರು ದಿನದಲ್ಲಿ ತಾನಾಗಿ ಸರಿಹೋಯಿತು.

ಈ ಗಿಡಗಳಲ್ಲಿರುವ ಅಟ್ರೋಪಿನ್ ಮತ್ತು ಸ್ಕೋಪೋಲಮಿನ್ ಎಂಬ ವಸ್ತುಗಳ ಕೆಲಸ ಅದು. ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಅಗಲಿಸಲು ಅಟ್ರೋಪಿನ್ ಹನಿ ಹಾಕುವುದುಂಟು. ಅವರು ಅಳತೆ ಮಾಡಿ ಹಾಕುತ್ತಾರೆ, ನಾನು ಬೆರಳಲ್ಲಿ ಹಾಕಿಕೊಂಡೆ. ಈಗ ಗ್ಲೌಸ್ ಇಲ್ಲದೆ ಕತ್ತರಿ ಮುಟ್ಟುವುದಿಲ್ಲ.

ಮಗು ಬಾಯಿಗೆ ಹಾಕಿಕೊಂಡಿದೆ ಅಂತ ಅನುಮಾನ. ಏನು ಮಾಡಬೇಕು?

ಈ ಪುಟ ಬಿಟ್ಟು 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಬಾಯಲ್ಲಿ ಉಳಿದಿದ್ದನ್ನು ತೆಗೆದು ಬಾಯಿ ಒರೆಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ, ಹುಣಸೆಹುಳಿ ಯಾವುದೂ ಬೇಡ. ಗಿಡದ ಒಂದು ಕೊಂಬೆ, ಕಾಯಿ ಇದ್ದರೆ ಕಾಯಿ ಸಮೇತ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ. ಡಾಕ್ಟರಿಗೆ ಅದರಿಂದ ಅರ್ಧ ಕೆಲಸ ಮುಗಿಯುತ್ತದೆ.

ದತ್ತೂರಿ ಬಳಗದ ವಿಷದ ಗುರುತು: ಬಾಯಿ ಒಣಗುತ್ತದೆ, ಮುಖ ಕೆಂಪಗಾಗುತ್ತದೆ, ಮೈ ಸುಡುತ್ತದೆ ಆದರೆ ಬೆವರಿಲ್ಲ, ಪಾಪೆ ಅಗಲ, ಎದೆಬಡಿತ ಜೋರು, ಮೂತ್ರ ಕಟ್ಟುತ್ತದೆ. ಇಲ್ಲದ್ದನ್ನು ಕಂಡಂತೆ ಗಾಳಿಯಲ್ಲಿ ಕೈಯಾಡಿಸುತ್ತಾರೆ, ಸಂಬಂಧವಿಲ್ಲದ ಮಾತಾಡುತ್ತಾರೆ. ದೆವ್ವ ಮೆಟ್ಟಿದೆ ಅಂತ ಹೊತ್ತು ಕಳೆಯಬೇಡಿ. ಲಕ್ಷಣ ಕಾಣಲಿ ಅಂತ ಕಾಯುವುದೂ ಬೇಡ. ನಾಯಿ, ದನ ತಿಂದರೆ ಪಶುವೈದ್ಯರ ಹತ್ತಿರ ಹೋಗಿ.

ದೊಡ್ಡವರಿಗೂ ಇದು ಆಗುತ್ತದೆ. 1676ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷ್ ಸೈನಿಕರು ದತ್ತೂರಿ ಸೊಪ್ಪನ್ನು ಬೇಯಿಸಿ ತಿಂದು ಹನ್ನೊಂದು ದಿನ ಹುಚ್ಚರಂತೆ ಆಡಿದರಂತೆ. ಅಲ್ಲಿ ಈ ಗಿಡಕ್ಕೆ ಈಗಲೂ ಆ ಊರಿನದೇ ಹೆಸರು. ನಮ್ಮಲ್ಲಿ ದಾರಿಹೋಕರಿಗೆ ಊಟದಲ್ಲಿ ಬೀಜ ಬೆರೆಸಿ ದೋಚುತ್ತಿದ್ದ ಕಥೆಗಳು ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಬೇಕಾದಷ್ಟಿವೆ. ದತ್ತೂರಿ ಬೀಜ ಮೆಣಸಿನಕಾಯಿ ಬೀಜದ ಹಾಗೇ ಕಾಣುತ್ತದೆ, ಅದಕ್ಕೇ ಎರಡನ್ನೂ ಬೇರೆ ಮಾಡಿ ಗುರುತಿಸುವುದನ್ನು ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಇವತ್ತಿಗೂ ಕಲಿಸುತ್ತಾರೆ.

ಶಿವನ ಪೂಜೆಗೆ ಇಡಬಹುದಾ?

ದತ್ತೂರಿ ಶಿವನಿಗೆ ಪ್ರಿಯ, ಎಕ್ಕ, ತುಂಬೆ, ಬಿಲ್ವದ ಜೊತೆ ಅದೂ ಇರುತ್ತದೆ. ನಮ್ಮ ಮನೆಯಲ್ಲೂ ಶಿವರಾತ್ರಿಗೆ ಇಡುತ್ತೇವೆ. ಬ್ರಗ್‌ಮ್ಯಾನ್ಸಿಯಾ ಆಮೇಲೆ ಬಂದ ಗಿಡ. ಇಟ್ಟರೆ ಶಿವ ಬೇಡ ಅನ್ನಲಿಕ್ಕಿಲ್ಲ, ಅದು ನಿಮ್ಮ ಮನೆಯ ಪದ್ಧತಿಗೆ ಬಿಟ್ಟಿದ್ದು. ನನ್ನದು ಎರಡೇ ಮಾತು. ಈ ಹೂವನ್ನು ತೀರ್ಥದ ಬಟ್ಟಲಿಗೆ, ಪಂಚಾಮೃತಕ್ಕೆ ಹಾಕಬೇಡಿ. ಪ್ರಸಾದದ ಹೂ ಅಂತ ಮಕ್ಕಳ ಕೈಗೆ ಕೊಡಬೇಡಿ.

ಆಸ್ತಮಾಕ್ಕೆ, ಮಂಡಿನೋವಿಗೆ ಒಳ್ಳೆಯದು ಅಂತಾರಲ್ಲ?

ಹಳೇ ವೈದ್ಯದಲ್ಲಿ ಬಳಕೆ ಇದ್ದದ್ದು ನಿಜ, ಅದನ್ನು ಶುದ್ಧಿ ಮಾಡುವ ಕ್ರಮ ಗೊತ್ತಿದ್ದವರು ಬಳಸುತ್ತಿದ್ದರು. ಒಂದು ಗಿಡದಿಂದ ಇನ್ನೊಂದಕ್ಕೆ, ಒಂದೇ ಗಿಡದ ಎಲೆಯಿಂದ ಬೀಜಕ್ಕೆ ವಿಷದ ಪ್ರಮಾಣ ಬದಲಾಗುತ್ತದೆ. ಯೂಟ್ಯೂಬ್ ನೋಡಿ ಎಲೆ ಸುಟ್ಟು ಹೊಗೆ ತೆಗೆದುಕೊಳ್ಳುವವರಿಗೆ ನಾನು ಹೇಳುವುದು ಬೇಡ ಅಂತ ಒಂದೇ.

ಇಷ್ಟೆಲ್ಲ ವಿಷ ಅಂದಮೇಲೆ ಕಿತ್ತು ಹಾಕಿಬಿಡಲಾ?

ಮನೆಯಲ್ಲಿ ತೆವಳುವ ಮಗು ಇದ್ದರೆ, ಸಿಕ್ಕಿದ್ದೆಲ್ಲ ಕಚ್ಚುವ ನಾಯಿಮರಿ ಇದ್ದರೆ ಕಿತ್ತು ಹಾಕಿ. ಗ್ಲೌಸ್ ಹಾಕಿ ಬೇರು ಸಮೇತ ಕೀಳಿ, ಒಲೆಗೆ ಹಾಕಿ ಸುಡಬೇಡಿ, ದನ ಮೇಯುವ ಕಡೆ ಎಸೆಯಬೇಡಿ. ಇಲ್ಲವಾದರೆ ಇರಲಿ ಬಿಡಿ. ಕಣಗಿಲೆ ವಿಷ ಅಂತ ನಾವು ಕಣಗಿಲೆ ಬಿಟ್ಟಿದ್ದೇವಾ? ದತ್ತೂರಿ ಕಾಯಿ ಬಲಿಯುವ ಮುಂಚೆ ಕತ್ತರಿಸುತ್ತಾ ಬಂದರೆ ಹಿತ್ತಲೆಲ್ಲ ಹುಟ್ಟುವುದಿಲ್ಲ.

ಕಳೆ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಅಮೆರಿಕದ ಕಲಾವಿದೆ ಜಾರ್ಜಿಯಾ ಓಕೀಫ್ 1932ರಲ್ಲಿ ಒಂದೇ ಒಂದು ಬಿಳಿ ದತ್ತೂರಿ ಹೂವಿನ ಚಿತ್ರ ಬರೆದರು. 2014ರಲ್ಲಿ ಅದು ಹರಾಜಾದದ್ದು 4.44 ಕೋಟಿ ಡಾಲರಿಗೆ. ನಮ್ಮ ಬೀದಿಯ ಖಾಲಿ ಸೈಟಿನಲ್ಲಿ ಈಗ ಹದಿನಾರು ಹೂ ಇವೆ.

ಎಲೆಯ ಮೇಲೆ ಬಾಲದಲ್ಲಿ ಕೊಂಬಿರುವ ಬೆರಳುಗಾತ್ರದ ಹುಳು ಕಂಡರೆ ಔಷಧಿ ಹೊಡೆಯುವ ಮುಂಚೆ ಯೋಚಿಸಿ. ಮೊದಲು ಹೇಳಿದ ಹೆಲಿಕಾಪ್ಟರ್ ಪತಂಗಗಳ ಬಳಗದ್ದೇ ಮರಿ ಅದು. ನಾಲ್ಕು ಎಲೆ ತಿನ್ನಲಿ.

ಬ್ರಗ್‌ಮ್ಯಾನ್ಸಿಯಾ ಆಳೆತ್ತರ ಬೆಳೆದಿದೆ, ಹೂವೇ ಇಲ್ಲ.

ಕಾಂಡ ಕವಲೊಡೆದಿದೆಯಾ ನೋಡಿ. ಈ ಗಿಡ ಮೊದಲು ಒಂಟಿ ಕಾಂಡವಾಗಿ ನೇರ ಹೋಗುತ್ತದೆ. ಒಂದು ಎತ್ತರದಲ್ಲಿ ಕವಣೆಯ ಕಡ್ಡಿಯಂತೆ ಎರಡಾಗುತ್ತದೆ. ಆ ಕವಲು ಬರುವ ತನಕ ಹೂ ಬರುವುದಿಲ್ಲ. ಎತ್ತರ ಆಯಿತು ಅಂತ ನೀವು ಪ್ರತಿ ಸಲ ಕವಲಿನ ಕೆಳಗೇ ಕತ್ತರಿಸುತ್ತಿದ್ದರೆ ಅದು ಪ್ರತಿ ಸಲ ಒಂದನೇ ಕ್ಲಾಸಿಗೆ ವಾಪಸ್ ಹೋಗುತ್ತದೆ. ಹಾಗೇ, ಯಾರಿಂದಲಾದರೂ ಕಡ್ಡಿ ತರುವಾಗ ಕವಲಿನ ಮೇಲಿನ ಭಾಗದ್ದೇ ಕೇಳಿ. ಬೇಗ ಹೂ ಕೊಡುತ್ತದೆ. ಗೊಬ್ಬರ ಧಾರಾಳವಾಗಿ ಹಾಕಿ, ಇದು ಹೊಟ್ಟೆಬಾಕ. ಎಲೆ ಅಡಿಯಲ್ಲಿ ನುಸಿ ಬಂದರೆ ಪೈಪಿನಲ್ಲಿ ಜೋರಾಗಿ ನೀರು ಹಾಯಿಸಿ.

ಎಲ್ಲ ನೋಡಿದೆ, ಯಾವುದಕ್ಕೂ ಹೊಂದುತ್ತಿಲ್ಲ. ಯಾರನ್ನು ಕೇಳಲಿ?

ಹೀಗೆ ವರ್ಷಕ್ಕೆ ಒಂದೆರಡು ಬರುತ್ತವೆ. ಆಗ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹ ಇರುವ ಕಡೆ ಕೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದಿದೆ, ಕರ್ನಾಟಕದ ಸಸ್ಯಗಳ ಮಾಹಿತಿಯನ್ನು ಅವರು ಅಂತರ್ಜಾಲದಲ್ಲೂ ಇಟ್ಟಿದ್ದಾರೆ. ಸಸ್ಯಶಾಸ್ತ್ರ ವಿಭಾಗ ಇರುವ ಹತ್ತಿರದ ಕಾಲೇಜಿನಲ್ಲೂ ಮೇಷ್ಟ್ರು ಯಾರಾದರೂ ಖುಷಿಯಿಂದ ನೋಡಿಕೊಡುತ್ತಾರೆ.

ಹೂ, ಎಲೆ, ಸಾಧ್ಯವಾದರೆ ಕಾಯಿಯೂ ಇರುವ ಒಂದು ಗೇಣುದ್ದದ ಕೊಂಬೆ ಕತ್ತರಿಸಿ. ಹಳೇ ನ್ಯೂಸ್‌ಪೇಪರಿನ ನಡುವೆ ಎಲೆ ಬಿಡಿಸಿ ಇಡಿ, ಒಂದು ಎಲೆ ತಿರುಗಿಸಿ ಅಡಿಭಾಗ ಮೇಲೆ ಬರುವಂತೆ ಇರಲಿ. ಹೂ ಒಂದನ್ನು ಉದ್ದಕ್ಕೆ ಸೀಳಿ ಬಿಡಿಸಿಡಿ. ಮೇಲೆ ದಪ್ಪ ಪುಸ್ತಕಗಳ ಭಾರ. ದಿನಾ ಪೇಪರ್ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ವಾರದಲ್ಲಿ ಒಣಗುತ್ತದೆ. ಬಿಳಿ ಹೂವು ಒಣಗಿದಾಗ ಕಂದಾಗುತ್ತದೆ, ಆದ್ದರಿಂದ ಬಣ್ಣ ಏನಿತ್ತು, ಬಾಯಿ ಯಾವ ಕಡೆಗಿತ್ತು ಅಂತ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ.